ಡಯಾಲಿಸಿಸ್ ಸಾಕು ಎಂದ ಅಪ್ಪ, ಒಪ್ಪದ ಮಕ್ಕಳು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಇಂಡಿ ತಾಲ್ಲೂಕಿನ ರೈತ ಕುಟುಂಬ. ಅಪ್ಪನಿಗೆ 79 ವರ್ಷ. ಬಹಳ ವರ್ಷಗಳ ಸಕ್ಕರೆ ಕಾಯಿಲೆ, ಹೃದಯವೂ ದುರ್ಬಲ, ಈಗ ಕಿಡ್ನಿಯೂ ಕೆಲಸ ಮಾಡುತ್ತಿಲ್ಲ. ವಾರಕ್ಕೆರಡು ಸಲ ಡಯಾಲಿಸಿಸ್‌ಗೆಂದು ವಿಜಯಪುರಕ್ಕೆ ಬರುತ್ತಿದ್ದರು. ಮಷಿನ್‌ಗೆ ನಾಲ್ಕು ತಾಸು, ಹೋಗಿ ಬರುವುದು ಬೇರೆ. ಮರುದಿನವೆಲ್ಲ ಸುಸ್ತು. "ಸಾಕಾತ್ರೀ, ಇನ್ನ ಮನ್ಯಾಗ ಇರ್ತೀನಿ" ಎನ್ನತೊಡಗಿದರು.

ಅಪ್ಪನಿಗೆ ಬುದ್ಧಿ ಹೇಳಿಸಲೆಂದು ಮಗ ನನ್ನ ಬಳಿ ಬಂದಿದ್ದ. "ಬಿಡಿಸಿದ್ರ ನಾನ ಕೊಂದಂಗ ಆಗತೈತ್ರೀ. ಮಂದಿ ಏನಂತಾರ?" ಮಗಳು ಸೊಲ್ಲಾಪುರಕ್ಕೆ ತೋರಿಸೋಣ ಎಂದು ಹಟ ಹಿಡಿದಿದ್ದಳು.

ಏನು ಸಾಕಾಗಿದೆ ಎಂದು ಮಾತ್ರ ಯಾರೂ ಕೇಳಿರಲಿಲ್ಲ. ಅವರೊಬ್ಬರನ್ನೇ ಕೂರಿಸಿಕೊಂಡು ಕೇಳಿದೆ. ರಾತ್ರಿಯಿಡೀ ಮೈ ತುರಿಕೆ, ನಿದ್ದೆ ಇಲ್ಲ. ಡಯಾಲಿಸಿಸ್ ನಡುವೆ ಬಿಪಿ ಇಳಿದು ಕಾಲು ಸೆಳೆಯುತ್ತದೆ. ಮಗ ಹೊಲ ಬಿಟ್ಟು ತನ್ನ ಹಿಂದೆ ಅಲೆಯುವುದನ್ನು ನೋಡಲಾಗದು.

ಇಂಥ ಮಾತನ್ನು ಕೂಡಲೇ ಒಪ್ಪಬಾರದು, ಸುಮ್ನೆ ತಳ್ಳಿಹಾಕಲೂಬಾರದು. ಖಿನ್ನತೆ ಇದ್ದರೂ ಹೀಗೇ ಮಾತಾಡುತ್ತಾರೆ, ಅದನ್ನು ಮೊದಲು ನೋಡಬೇಕು. ಅವರಿಗೆ ಅದು ಇರಲಿಲ್ಲ. ಕಿಡ್ನಿ ಡಾಕ್ಟರು ತುರಿಕೆಗೆ ಗ್ಯಾಬಪೆಂಟಿನ್ ಕೊಟ್ಟರು. ಕಿಡ್ನಿ ಕೆಟ್ಟವರಿಗೆ ಅದನ್ನು ತೀರಾ ಸಣ್ಣ ಡೋಸ್‌ನಲ್ಲೇ ಕೊಡಬೇಕು. ಬಿಪಿ ಇಳಿಯದಿರಲೆಂದು ಮಷಿನ್‌ನಲ್ಲಿ ಮೈಯಿಂದ ನೀರು ತೆಗೆಯುವ ವೇಗವನ್ನೂ ತಗ್ಗಿಸಿದರು. ಒಂದು ತಿಂಗಳು ನೋಡೋಣ ಎಂದೆವು. ಹೀಗೆ ರೋಗಿಯ ನೋವು, ಸಂಕಟ ತಗ್ಗಿಸುವ ಆರೈಕೆಗೆ ಪ್ಯಾಲಿಯೇಟಿವ್ ಕೇರ್ ಎನ್ನುತ್ತಾರೆ. ಅದು ಕೊನೆಗಳಿಗೆಯ ಚಿಕಿತ್ಸೆ ಎಂದೇ ಜಾಸ್ತಿ ಜನ ತಿಳಿದಿದ್ದಾರೆ. ಹಾಗೇನಿಲ್ಲ, ಡಯಾಲಿಸಿಸ್ ಜೊತೆಗೇ ಶುರು ಮಾಡಬಹುದು. ಮಾಡಲೇಬೇಕು ಎನ್ನುತ್ತೇನೆ ನಾನು.

ತುರಿಕೆ ತಗ್ಗಿತು, ನಿದ್ದೆ ಬಂತು. ಆದರೂ ಅವರ ಮಾತು ಬದಲಾಗಲಿಲ್ಲ.

ಆಗ ಎಲ್ಲರೂ ಡಾಕ್ಟರ ಮುಂದೆ ಕೂತೆವು. ನಿಲ್ಲಿಸಿದರೆ ಬದುಕುವುದು ಸಾಮಾನ್ಯವಾಗಿ ಒಂದು ವಾರ, ಹತ್ತು ದಿನ, ಮೂತ್ರ ಇನ್ನೂ ಹೋಗುತ್ತಿದ್ದರೆ ಸ್ವಲ್ಪ ಹೆಚ್ಚು ಎಂದು ಡಾಕ್ಟರು ಮುಚ್ಚಿಡದೆ ಹೇಳಿದರು. ಮನಸ್ಸು ಬದಲಾದರೆ ವಾಪಸ್ ಬರಬಹುದು ಎಂದೂ ಹೇಳಿದರು. ನಾನು ಮಗನಿಗೆ ಹೇಳಿದ್ದು ಇಷ್ಟು: ಜೀವ ತೆಗೆಯುವುದು ಕಿಡ್ನಿ ರೋಗ. ಚಿಕಿತ್ಸೆ ಬೇಡ ಎನ್ನುವ ಹಕ್ಕು ಅಪ್ಪನಿಗಿದೆ. ಮುಂದೆ ಪ್ರಜ್ಞೆ ತಪ್ಪಿದಾಗ ಏನು ಬೇಕು, ಏನು ಬೇಡ ಎಂದು ಮೊದಲೇ ಬರೆದಿಡುವುದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿದೆ. 2023ರಲ್ಲಿ ಅದನ್ನು ಸರಳ ಮಾಡಿದೆ. ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. ಅಪ್ಪ ಬರೆಸಿದರು.

ಮನೆಯ ತಯಾರಿ ಬಗ್ಗೆಯೇ ಹೆಚ್ಚು ಹೊತ್ತು ಮಾತಾಡಿದೆವು. ಉಸಿರು ಕಟ್ಟಿದರೆ ದಿಂಬು ಕೊಟ್ಟು ಎತ್ತರಕ್ಕೆ ಕೂರಿಸಿ, ಮುಖಕ್ಕೆ ಫ್ಯಾನ್ ಗಾಳಿ ಬರಲಿ. ನೀರು ಗುಟುಕು ಗುಟುಕಾಗಿ ಕೊಡಿ, ಬಾಯಿ ಒಣಗಿದರೆ ತುಟಿಗೆ ಒದ್ದೆ ಬಟ್ಟೆ ಒತ್ತಿ. ಬರಬರುತ್ತಾ ನಿದ್ದೆ ಜಾಸ್ತಿಯಾಗುತ್ತದೆ. ಎಬ್ಬಿಸಿ ಉಣಿಸಬೇಡಿ. ನೋವಿನ ಔಷಧ ಮಾರ್ಫಿನ್ ಇಂಥವರ ಮೈಯಲ್ಲಿ ಉಳಿದು ತೊಂದರೆ ಕೊಡುತ್ತದೆ, ಆದ್ದರಿಂದ ನೋವಿಗೆ ಚರ್ಮಕ್ಕೆ ಅಂಟಿಸುವ ಫೆಂಟಾನಿಲ್ ಪಟ್ಟಿಯಂಥದ್ದನ್ನು ಡಾಕ್ಟರೇ ನಿರ್ಧರಿಸಲಿ. ರಾತ್ರಿ ಯಾರಿಗೆ ಫೋನ್ ಮಾಡಬೇಕು ಎಂದು ಗೋಡೆಗೆ ಬರೆದು ಅಂಟಿಸಿ. ನೋಡಲು ಬಂದವರಿಗೆ ಮನೆಯವರೆಲ್ಲ ಒಂದೇ ಮಾತು ಹೇಳಿ: "ಅಪ್ಪಾರು ಮನ್ಯಾಗ ಇರ್ತೀನಿ ಅಂದಾರ, ಔಷಧ ನಡದೈತಿ." ಈ ಕೊನೆಯದರಿಂದಲೇ ಮಗನಿಗೆ ಜಾಸ್ತಿ ಧೈರ್ಯ ಬಂತು.

ಅವರು ಮನೆಯಲ್ಲೇ ತೀರಿಕೊಂಡರು, ಉಸಿರಿಗೆ ಹೆಚ್ಚು ಒದ್ದಾಡದೆ. ಕೆಲವು ವಾರಗಳ ನಂತರ ಮಗ ಮಾತಾಡಲು ಬಂದ. ಅವನಿಗೂ ಸಕ್ಕರೆ ಇದೆ, ಸೊಂಟನೋವಿಗೆ ಮೆಡಿಕಲ್ ಅಂಗಡಿಯ ಗುಳಿಗೆ ನುಂಗುತ್ತಾನೆ ಎಂದು ಅವತ್ತೇ ಗೊತ್ತಾಯಿತು. ನೋವಿನ ಗುಳಿಗೆ ಡಾಕ್ಟರನ್ನು ಕೇಳದೆ ಬೇಡ, ಕಿಡ್ನಿ ಹೇಗಿದೆ ಎಂದು ತಿಳಿಯಲು ವರ್ಷಕ್ಕೊಮ್ಮೆ ಮೂತ್ರದ ಅಲ್ಬುಮಿನ್, ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಬೇಕು ಎಂದೆ. ತಂಗಿಯನ್ನೂ ಕರೆದುಕೊಂಡು ಹೋಗಿ ಮಾಡಿಸಲು ಹೇಳಿದ್ದೇನೆ.