ಬೇಸಿಗೆಯಲ್ಲಿ ಕಾಣದ ಕಪ್ಪೆಗಳು ಮೊದಲ ಮಳೆಗೆ ಎಲ್ಲಿಂದ ಬರುತ್ತವೆ?

ಯುಗಾದಿಯಿಂದೀಚೆಗೆ ಮಸ್ಕಿ ಕಡೆಯ ನಿಮ್ಮ ಎರೆ ಹೊಲದಲ್ಲಿ ಒಂದು ಕಪ್ಪೆಯೂ ಕಂಡಿರಲಿಲ್ಲ, ಆದರೆ ದೊಡ್ಡ ಮಳೆ ಬಿದ್ದ ರಾತ್ರಿಯೇ ಬದುವಿನ ಪಕ್ಕ ನಿಂತ ನೀರಿನಲ್ಲಿ ಅಂಗೈಗಿಂತ ದೊಡ್ಡ ಹಳದಿ ಕಪ್ಪೆಗಳು ಗುಂಪಾಗಿ ಕೂಗುತ್ತಿದ್ದವು ಎಂದು ಬರೆದಿದ್ದೀರಿ. ಅವು ಮೋಡದಿಂದ ಬಿದ್ದವೆಂದು ಹಿರಿಯರು ಹೇಳುವುದು ನಿಜವೇ, ಹಳದಿ ಬಣ್ಣ ವಿಷದ ಗುರುತೇ, ಹೊಸ ಕೃಷಿ ಹೊಂಡದಲ್ಲಿ ಕಪ್ಪೆಗಳು ಸತ್ತು ತೇಲುವುದೇಕೆ ಎಂದೂ ಕೇಳಿದ್ದೀರಿ. ನಾನು ಕುಷ್ಟಗಿ ತಾಲ್ಲೂಕಿನಲ್ಲಿ ಒಕ್ಕಲುತನ ಮಾಡುವವನು. ಕಪ್ಪೆ, ಹಾವು, ಉಡಗಳನ್ನು ಗಮನಿಸುವುದು, ಅವುಗಳ ಬಗ್ಗೆ ಸಿಕ್ಕಿದ್ದನ್ನು ಓದುವುದು ನನಗೆ ಬಹಳ ಕಾಲದ ಅಭ್ಯಾಸವಾದ್ದರಿಂದ ತಿಳಿದಷ್ಟನ್ನು ಬರೆಯುತ್ತಿದ್ದೇನೆ.

ಆ ಕಪ್ಪೆಗಳು ಎಲ್ಲಿಂದಲೂ ಬರಲಿಲ್ಲ. ಬೇಸಿಗೆಯುದ್ದಕ್ಕೂ ಅವು ನಿಮ್ಮ ಹೊಲದಲ್ಲಿಯೇ, ನೀವು ಓಡಾಡುತ್ತಿದ್ದ ನೆಲದ ಕೆಳಗೇ ಇದ್ದವು. ಮೋಡದಿಂದ ಬಿದ್ದಿದ್ದರೆ ಮನೆಯ ಮಾಳಿಗೆಯ ಮೇಲೂ ಡಾಂಬರು ರಸ್ತೆಯ ಮೇಲೂ ಸತ್ತ ಕಪ್ಪೆಗಳು ಸಿಗಬೇಕಿತ್ತು. ಅವು ಕೂಗುವುದು ಮಾತ್ರ ಪ್ರತಿ ವರ್ಷವೂ ನೀರು ನಿಲ್ಲುವ ಅದೇ ತಗ್ಗುಗಳಲ್ಲಿ.

ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ, ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಕಾಣುವ, ಅದರಲ್ಲೂ ಹೆಚ್ಚಿನ ಪಾಲು ಸೆಪ್ಟೆಂಬರಿನತ್ತ ಸುರಿಯುವ ನಮ್ಮ ಸೀಮೆಯಲ್ಲಿ ಕಪ್ಪೆಯಂಥ ತೆಳುಚರ್ಮದ ಪ್ರಾಣಿ ಬದುಕುವುದೇ ಒಂದು ಸೋಜಿಗ. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ. ಹೊಟ್ಟೆಯ ಕೆಳಭಾಗ ಮತ್ತು ತೊಡೆಯ ಚರ್ಮದ ಮೂಲಕ ನೀರನ್ನು ಹೀರಿಕೊಳ್ಳುತ್ತದೆ. ಬಿಸಿಲಿನಲ್ಲಿ ನೀರನ್ನು ಕಳೆದುಕೊಳ್ಳುವುದೂ ಅದೇ ಚರ್ಮದಿಂದ, ಮಣ್ಣಿನ ಹಸಿಯನ್ನು ಎಳೆದುಕೊಳ್ಳುವುದೂ ಅದರಿಂದಲೇ. ನೆಲದೊಳಗೆ ಕೂತಾಗ ದೇಹದಲ್ಲಿ ಯೂರಿಯಾ ಸಂಗ್ರಹವಾಗಿ, ಸುತ್ತಲಿನ ಮಣ್ಣು ಸ್ವಲ್ಪವೇ ತೇವವಾಗಿದ್ದರೂ ನೀರು ಒಳಕ್ಕೆ ಬರುವಂತಾಗುತ್ತದೆ. ಇದರ ಜೊತೆಗೆ ಮೂತ್ರಕೋಶದಲ್ಲಿ ತುಂಬಿಟ್ಟುಕೊಂಡ ನೀರನ್ನು ಬೇಕಾದಂತೆ ದೇಹಕ್ಕೆ ಮರಳಿ ಪಡೆಯುವ ಶಕ್ತಿಯೂ ಉಂಟು. ಉಸಿರಾಟ, ಎದೆಬಡಿತ, ಆಹಾರದ ಅಗತ್ಯ ಎಲ್ಲವೂ ಇಳಿದುಹೋಗುತ್ತವೆ. ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಕೆಲವು ಕಪ್ಪೆಗಳು ಕಳಚಿದ ಚರ್ಮದ ಪದರಗಳನ್ನೇ ಮೈಗೆ ಕವಚವಾಗಿ ಸುತ್ತಿಕೊಂಡು ವರ್ಷಗಟ್ಟಲೆ ನೆಲದಲ್ಲಿ ಉಳಿಯುತ್ತವೆ.

ನಮ್ಮದು ಮಸಾರಿ ನೆಲ. ಅಲ್ಲಿ ದಾಳಿಂಬೆಗೆ ಪೈಪು ಹಾಕಲು ಕಾಲುವೆ ತೋಡುವಾಗ ಮೊಳದಷ್ಟು ಆಳದಲ್ಲಿ ಬಿಲಗಪ್ಪೆ ಸಿಗುವುದುಂಟು. ಮೊದಲ ನೋಟಕ್ಕೆ ಅದು ಮಣ್ಣಿನ ಹೆಂಟೆಯೇ; ಕೈಗೆತ್ತಿಕೊಂಡರೆ ಉಬ್ಬಿದ ದುಂಡು ಮೈ, ಮೊಂಡು ಮೂತಿ, ಅರ್ಧ ಮುಚ್ಚಿದ ಕಣ್ಣು, ಬೆರಳ ಮೇಲೆ ಥಟ್ಟನೆ ಬಿಡುವ ವಾಸನೆಯಿಲ್ಲದ ನೀರು. ಹಿಂಗಾಲಿನ ಅಂಗಾಲನ್ನು ತಿರುಗಿಸಿ ನೋಡಿದರೆ ಕುಂಟೆಯ ಕುಡದಂತೆ ಅಂಚು ತೆಳುವಾದ ಒಂದು ಗಟ್ಟಿ ಉಬ್ಬು ಕಾಣುತ್ತದೆ. ನೆರಳಿನ ಸಡಿಲ ಮಣ್ಣಿನ ಮೇಲೆ ಬಿಟ್ಟರೆ ಅದು ಓಡುವುದಿಲ್ಲ. ಎರಡೂ ಹಿಂಗಾಲುಗಳನ್ನು ಒಂದರ ಹಿಂದೊಂದರಂತೆ ಪಕ್ಕಕ್ಕೆ ತಳ್ಳುತ್ತ, ಮೈಯನ್ನು ಅತ್ತಿತ್ತ ತಿರುಗಿಸುತ್ತ, ಹಿಂಭಾಗವನ್ನು ಮೊದಲು ಮಾಡಿಕೊಂಡು ನೇರ ಕೆಳಗೆ ಇಳಿಯುತ್ತದೆ. ಮೇಲಿನ ಮಣ್ಣು ತಾನೇ ಕುಸಿದು ಮುಚ್ಚಿಕೊಳ್ಳುವುದರಿಂದ ಬಿಲದ ಬಾಯಿ ಎಂಬುದೇ ಉಳಿಯುವುದಿಲ್ಲ. ಆದ್ದರಿಂದ ಹುಡುಕಿದವರಿಗೆ ಸಿಗದಿರುವುದು ಸಹಜ.

ನಿಮ್ಮ ಎರೆಯಲ್ಲಿ ಕತೆ ಬೇರೆ. ಒಣಗಿದ ಎರೆ ಮಣ್ಣನ್ನು ಅಗೆಯುವುದು ಗುದ್ದಲಿಗೇ ಕಷ್ಟ, ಕಪ್ಪೆಯ ಕಾಲಿಗಂತೂ ಆಗದ ಮಾತು. ಆದರೆ ಅದೇ ಎರೆ ಬೇಸಿಗೆಯಲ್ಲಿ ಕೈ ತೂರುವಷ್ಟು ಅಗಲವಾಗಿ, ಆಳವಾಗಿ ಬಿರಿಯುತ್ತದೆ. ಆ ಬಿರುಕುಗಳ ತಳ, ಇಲಿಯ ಬಿಲ, ಒಡ್ಡಿನ ಕಲ್ಲುಸಂದು, ಹಳ್ಳದ ದಂಡೆಯ ಬೇರುಗಳ ಅಡಿ, ಇವೇ ಅಲ್ಲಿ ಕಪ್ಪೆಗಳ ಬೇಸಿಗೆ ಮನೆಗಳು.

ಮಳೆ ಬಂದದ್ದು ನೆಲದೊಳಗಿನ ಪ್ರಾಣಿಗೆ ಹೇಗೆ ತಿಳಿಯುತ್ತದೆ ಎಂದು ನೀವು ಕೇಳಿಲ್ಲವಾದರೂ ನನಗೆ ಎಲ್ಲಕ್ಕಿಂತ ರುಚಿಸುವ ಸಂಗತಿ ಅದೇ. ಇಳಿದು ಬರುವ ತೇವ ಒಂದು ಸೂಚನೆ. ಇನ್ನೊಂದು, ಹನಿಗಳು ನೆಲಕ್ಕೆ ಬಡಿಯುವ ಕಂಪನ. ಅಮೆರಿಕದ ಒಣ ಸೀಮೆಯ ಬಿಲಗಪ್ಪೆಗಳ ಮೇಲೆ ನಡೆದ ಪ್ರಯೋಗದಲ್ಲಿ, ಒಂದು ಹನಿ ನೀರೂ ಬೀಳದೆ, ಯಂತ್ರದಿಂದ ಮಳೆಯಂಥ ಕಂಪನ ಹುಟ್ಟಿಸಿದಾಗಲೇ ಅವು ಹೊರಗೆ ಬಂದವು. ನಮ್ಮಲ್ಲಿ ನಾನು ಕಂಡಂತೆ ಬರೀ ಗುಡುಗಿಗೆ, ತುಂತುರಿಗೆ ಕಪ್ಪೆ ಏಳುವುದಿಲ್ಲ. ತಗ್ಗಿನಲ್ಲಿ ನೀರು ನಿಲ್ಲುವಂಥ ಮಳೆಯೇ ಆಗಬೇಕು.

ನೀವು ಕಂಡ ಹಳದಿ ಕಪ್ಪೆ ನಮ್ಮ ದೇಶದ ಅತಿ ದೊಡ್ಡ ಕಪ್ಪೆಗಳಲ್ಲೊಂದಾದ ಗೂಳಿಗಪ್ಪೆ. ಅದು ಹದಿನಾರು ಸೆಂಟಿಮೀಟರ್ ವರೆಗೂ ಬೆಳೆಯಬಲ್ಲದು. ಉಳಿದ ಕಾಲದಲ್ಲಿ ಅದು ಹಸಿರು ಬೆರೆತ ಕಂದು ಬಣ್ಣದ್ದು. ಕೂಡುವ ಕಾಲಕ್ಕೆ ಗಂಡು ಮಾತ್ರ ನಿಂಬೆಹಳದಿಗೆ ತಿರುಗುತ್ತದೆ, ಗಂಟಲಿನ ಎರಡೂ ಬದಿಯ ಧ್ವನಿಚೀಲಗಳು ಗಾಢ ನೀಲಿಯಾಗುತ್ತವೆ. ಹೆಣ್ಣು ಮಂಕು ಬಣ್ಣದಲ್ಲಿಯೇ ಉಳಿಯುತ್ತದೆ. ನೂಕುನುಗ್ಗಲಿನಲ್ಲಿ ಗಂಡು ಯಾವುದು ಹೆಣ್ಣು ಯಾವುದು ಎಂದು ಬೇಗ ಗುರುತಿಸಲು ಈ ಬಣ್ಣ ನೆರವಾಗುತ್ತದೆ ಎಂಬುದು ತಜ್ಞರ ಊಹೆ. ವಿಷಕ್ಕೂ ಅದಕ್ಕೂ ಸಂಬಂಧವಿಲ್ಲ, ಗದ್ದಲ ಮುಗಿದ ಮೇಲೆ ಹಳದಿಯೂ ಮಾಸಿಹೋಗುತ್ತದೆ. ಹೊರದೇಶಗಳಿಗೆ ಕಾಲು ಮಾರುವ ವ್ಯಾಪಾರಕ್ಕಾಗಿ ಈ ಜಾತಿಯ ಕಪ್ಪೆಗಳನ್ನು ಹಿಂದೆ ಲೆಕ್ಕವಿಲ್ಲದಷ್ಟು ಹಿಡಿಯಲಾಗುತ್ತಿತ್ತು. 1987ರಲ್ಲಿ ಭಾರತ ಸರ್ಕಾರ ಆ ರಫ್ತನ್ನು ನಿಷೇಧಿಸಿತು.

ವಿಷದ ಮಾತು ಅನ್ವಯಿಸುವುದು ಬಚ್ಚಲಿನ ಬಳಿ ಕೂರುವ ಒರಟು ಮೈಯ ನೆಲಗಪ್ಪೆಗೆ. ಅದರ ಕಣ್ಣಿನ ಹಿಂದೆ ಉಬ್ಬಿದ ಎರಡು ಗ್ರಂಥಿಗಳಿವೆ. ಕಚ್ಚಿದ ನಾಯಿ ಜೊಲ್ಲು ಸುರಿಸಿ ಒದ್ದಾಡುವುದು ಅವುಗಳ ರಸದಿಂದ. ಮುಟ್ಟಿದ ಮಾತ್ರಕ್ಕೆ ಮನುಷ್ಯರಿಗೆ ಏನೂ ಆಗುವುದಿಲ್ಲ, ಕಣ್ಣುಜ್ಜಿಕೊಳ್ಳುವ ಮೊದಲು ಕೈ ತೊಳೆದರೆ ಸಾಕು. ಮಳೆ ಬಾರದ ವರ್ಷ ನಮ್ಮ ಊರುಗಳಲ್ಲಿ ಮಾಡುವ ಕಪ್ಪೆ ಮದುವೆಗೆ ವಧೂವರರಾಗಿ ಸಿಗುವುದೂ ಹೆಚ್ಚಾಗಿ ಈ ಬಡಪಾಯಿಯೇ, ಏಕೆಂದರೆ ಉಳಿದವೆಲ್ಲ ಆಗ ನೆಲದೊಳಗಿರುತ್ತವೆ.

ಹೊರಬಂದ ಕಪ್ಪೆಗಳಿಗೆ ಸಮಯ ಕಡಿಮೆ. ಮೊದಲ ಕೆಲವು ರಾತ್ರಿಗಳಲ್ಲಿಯೇ ಮೊಟ್ಟೆ ಇಟ್ಟು ಮುಗಿಯುತ್ತದೆ, ಒಂದೆರಡು ದಿನಗಳಲ್ಲಿ ಗೊದಮೊಟ್ಟೆಗಳು ಹೊರಡುತ್ತವೆ, ಆಮೇಲೆ ಅವುಗಳಿಗೆ ಕಾಲು ಮೂಡುವುದೋ ಗುಂಡಿ ಬತ್ತುವುದೋ ಯಾವುದು ಮೊದಲು ಎಂಬ ಓಟ. ಗೂಳಿಗಪ್ಪೆಯ ಗೊದಮೊಟ್ಟೆಗಳು ಇತರ ಗೊದಮೊಟ್ಟೆಗಳನ್ನು ತಿಂದು ಬೇಗ ಬೆಳೆಯುತ್ತವೆ. ರೋಹಿಣಿಗೆ ಸುರಿದ ಮಳೆ ಮಿರಗಕ್ಕೆ ಕೈಕೊಟ್ಟರೆ ನಮ್ಮ ಬಿತ್ತನೆಯ ಜೊತೆಗೆ ಆ ಸಂತತಿಯೂ ಹೋಯಿತು. ತುಂಗಭದ್ರಾ ಎಡದಂಡೆ ಕಾಲುವೆಯ ಗಂಗಾವತಿ, ಸಿಂಧನೂರು ಭಾಗದ ಗದ್ದೆಗಳಲ್ಲಿ ಈ ಆತಂಕ ಕಡಿಮೆ. ಅಲ್ಲಿ ನೀರಿನ ಮೇಲೆಯೇ ಚಿಮ್ಮುತ್ತ ಓಡುವ ಬೇರೊಂದು ಸಣ್ಣ ಕಪ್ಪೆಯದೇ ದರ್ಬಾರು, ನೀರಿರುವ ತನಕ ಅದರ ದನಿಯೂ ಇರುತ್ತದೆ.

ರಾತ್ರಿ ನೋಡಲು ಹೋಗುವುದಾದರೆ ಬ್ಯಾಟರಿ ಹಿಡಿದು, ಬೂಟು ಹಾಕಿಕೊಂಡು ಹೋಗಿ. ಕಪ್ಪೆಯನ್ನು ಅರಸಿ ನೀರುಹಾವು, ಕೇರೆ, ನಾಗರಹಾವುಗಳೂ ಅದೇ ಬದುವಿಗೆ ಬರುತ್ತವೆ. ಕೊಳಕುಮಂಡಲ ಬರುವುದು ಇಲಿಗಾಗಿಯಾದರೂ ತುಳಿದರೆ ಅಪಾಯ ಅದರದೇ ಹೆಚ್ಚು.

ಇನ್ನು ನಿಮ್ಮ ಹೊಂಡ. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯ ನಂತರ ನಮ್ಮ ಒಣ ತಾಲ್ಲೂಕುಗಳಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡಗಳು ಬಹಳ ಆಗಿವೆ, ಅವುಗಳಿಂದ ಬೆಳೆ ಉಳಿದಿರುವುದೂ ನಿಜ. ಆದರೆ ಕಡಿದಾದ ನುಣುಪು ಹಾಳೆಯ ಮೇಲೆ ನೆಲಗಪ್ಪೆಗಾಗಲಿ ಬಿಲಗಪ್ಪೆಗಾಗಲಿ ಕಾಲು ನಿಲ್ಲುವುದಿಲ್ಲ. ಮೊಟ್ಟೆ ಇಡಲು ಇಳಿದವು ಹತ್ತಲಾರದೆ ಈಜಿ ಈಜಿ ದಣಿದು ಸಾಯುತ್ತವೆ, ಉಡದ ಮರಿಗಳಿಗೂ ಇದೇ ಗತಿ. ಉಪಾಯ ಸುಲಭ: ಹಳೆಯ ಗೋಣಿಚೀಲಗಳನ್ನು ಉದ್ದಕ್ಕೆ ಹೊಲಿದು, ಮೇಲ್ತುದಿಯನ್ನು ದಂಡೆಯ ಗೂಟಕ್ಕೆ ಕಟ್ಟಿ, ಕೆಳತುದಿಯೊಳಗೆ ಮರಳು ತುಂಬಿ ನಾಲ್ಕೂ ಮೂಲೆಗಳಲ್ಲಿ ತಳದವರೆಗೆ ಇಳಿಬಿಡಿ. ಕಲ್ಲು ಕಟ್ಟಬೇಡಿ, ಹಾಳೆ ಹರಿಯುತ್ತದೆ. ಗೋಣಿ ಒಂದೆರಡು ಮಳೆಗಾಲಕ್ಕೆ ಕೊಳೆಯುವುದರಿಂದ ಮುಂಗಾರಿಗೆ ಮುಂಚೆ ಬದಲಿಸಿ. ಸೊಳ್ಳೆಗೆಂದು ಹೊಂಡಕ್ಕೆ ಗ್ಯಾಂಬೂಸಿಯಾ ಮೀನು ಬಿಡುವ ಯೋಚನೆ ಇದ್ದರೆ, ಅದು ಕಪ್ಪೆಯ ಮೊಟ್ಟೆ, ಗೊದಮೊಟ್ಟೆಗಳನ್ನೂ ತಿನ್ನುತ್ತದೆ ಎಂಬುದು ತಿಳಿದಿರಲಿ. ಬದುವಿನ ಪಕ್ಕದ ಆ ತಗ್ಗಿಗಂತೂ ಅದನ್ನು ಬಿಡಲೇಬೇಡಿ.