74 ವರ್ಷದ ಅಜ್ಜಿಗೆ ಸೊಂಟದ ಮೂಳೆ ಮುರಿದಿದೆ, ಈ ವಯಸ್ಸಲ್ಲಿ ಆಪರೇಷನ್ ಬೇಕಾ?

ಅಜ್ಜಿ ನಿನ್ನೆ ಬಚ್ಚಲಲ್ಲಿ ಜಾರಿ ಬಿದ್ದರು, ಮಲಗಿಸಿದರೆ ತಾನಾಗೇ ಕೂಡಿಕೊಳ್ಳುತ್ತದೆ ಅಂತ ಮನೆಯವರು ಹೇಳುತ್ತಿದ್ದಾರೆ ಎಂದು ಮಾಲೂರಿಂದ ಬರೆದಿದ್ದೀರಿ. ದಯವಿಟ್ಟು ಹಾಗೆ ಮಲಗಿಸಬೇಡಿ.

ನಮ್ಮದು ಶ್ರೀನಿವಾಸಪುರದ ಹತ್ತಿರ ಒಂದು ಹಳ್ಳಿ. ನಮ್ಮ ಅಮ್ಮನಿಗೂ ಹೀಗೇ ಸೊಂಟ ಮುರಿದಿತ್ತು. ಹಾಲು ಕರೆಯಲು ಹೋಗಿ ಕೊಟ್ಟಿಗೆಯಲ್ಲಿ ಬಿದ್ದಾಗ ಬಲಗಾಲು ಹೊರಕ್ಕೆ ತಿರುಗಿ, ಎಡಗಾಲಿಗಿಂತ ಎರಡು ಬೆರಳು ಗಿಡ್ಡವಾಗಿತ್ತು. ನೋಡಲು ಬಂದವರೆಲ್ಲ ಪುತ್ತೂರು ಕಟ್ಟು, ಅಂದರೆ ಮುರಿದ ಮೂಳೆಗೆ ಹೊರಗಿನಿಂದ ಬಿಗಿಯುವ ನಾಟಿ ಕಟ್ಟು, ಹಾಕಿಸಿ ಅಂದರು. ಆದರೆ ಸೊಂಟ ಮುರಿದಿದೆ ಅಂದಾಗ ಸಾಮಾನ್ಯವಾಗಿ ಮುರಿದಿರುವುದು ತೊಡೆಮೂಳೆಯ ಮೇಲ್ತುದಿ, ಅಂದರೆ ಅದರ ಕತ್ತು ಅಥವಾ ಸ್ವಲ್ಪ ಕೆಳಗೆ. ಅದು ಇರುವುದು ಮಾಂಸದ ಆಳದಲ್ಲಿ. ಹೊರಗಿನಿಂದ ಎಷ್ಟು ಬಿಗಿದರೂ ಅದು ನಿಲ್ಲುವುದಿಲ್ಲ. ಕತ್ತಿನಲ್ಲೇ ಮುರಿದರೆ ಅದರ ಮೇಲಿರುವ ಮೂಳೆಯ ಗುಂಡು ಭಾಗಕ್ಕೆ ರಕ್ತ ಹೋಗುವುದೂ ನಿಲ್ಲಬಹುದು. ಅದಕ್ಕೇ ಸಾಮಾನ್ಯವಾಗಿ ಆ ಗುಂಡನ್ನೇ ಬದಲಿಸುತ್ತಾರೆ. ಸ್ವಲ್ಪ ಕೆಳಗೆ ಮುರಿದಿದ್ದರೆ ರಾಡ್ ಹಾಕುತ್ತಾರೆ.

ಹಾಸಿಗೆ ಹಿಡಿದರೆ ಬೆನ್ನುಹುಣ್ಣು, ನ್ಯುಮೋನಿಯಾ, ಕಾಲಲ್ಲಿ ರಕ್ತ ಹೆಪ್ಪುಗಟ್ಟುವುದು ಒಂದರ ಹಿಂದೆ ಒಂದು ಬರಬಹುದು. ಸೊಂಟ ಮುರಿದ ವಯಸ್ಸಾದವರಲ್ಲಿ ಸುಮಾರು 5ಕ್ಕೆ ಒಬ್ಬರು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಹೃದಯ, ಸಕ್ಕರೆ ನೋಡಿಕೊಂಡು 48 ಗಂಟೆಯೊಳಗೆ ಆಪರೇಷನ್ ಆದರೆ ಒಳ್ಳೆಯದು. ನಾವು ಮೂರನೇ ದಿನ ಮಾಡಿಸಿದೆವು. ಮರುದಿನವೇ ವಾಕರ್ ಕೊಟ್ಟು ನಿಲ್ಲಿಸಿದರು. ಅಮ್ಮ ಹಿಡಿದ ಬಿಗಿಗೆ ನನ್ನ ತೋಳಲ್ಲಿ ಉಗುರಿನ ಗುರುತು ಮೂಡಿತ್ತು. ಆದರೂ ನಿಂತರು.

ನನಗೆ ಈಗಲೂ ಸಂಕಟ ಆಗುವುದು ಬೇರೆ ವಿಷಯಕ್ಕೆ. ಅದಕ್ಕೆ ಎರಡು ವರ್ಷ ಮುಂಚೆ ಅಮ್ಮ ಅಂಗಳದಲ್ಲಿ ಎಡವಿ ಮಣಿಕಟ್ಟು ಮುರಿದುಕೊಂಡಿದ್ದರು. ಆರು ವಾರ ಪ್ಲಾಸ್ಟರ್, ಆಮೇಲೆ ಮರೆತೇಬಿಟ್ಟೆವು. 50 ದಾಟಿದವರಿಗೆ ಸುಮ್ನೆ ಎಡವಿದ್ದಕ್ಕೇ ಮೂಳೆ ಮುರಿದರೆ ಒಳಗೆ ಮೂಳೆ ಸವೆದಿರಬಹುದು ಅಂತ ಅರ್ಥ. ಆಗಲೇ ಮೂಳೆ ಎಷ್ಟು ದಟ್ಟವಾಗಿದೆ ಅಂತ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಬೇಕಿತ್ತು. ಅದರಲ್ಲಿ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಕೊಡುವ ಅಂಕ) -2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಸವೆತ. ಮುದ್ದೆ ತಿಂದ ಮೂಳೆ ಅಲ್ವಾ, ಗಟ್ಟಿ ಇರುತ್ತೆ ಅಂದುಕೊಂಡಿದ್ದೆವು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇರುವುದು ನಿಜ. ಆದರೆ ಮುಟ್ಟು ನಿಂತು ಈಸ್ಟ್ರೋಜನ್ ಹಾರ್ಮೋನು ಇಳಿದ ಮೇಲೆ ಆಗುವ ಸವೆತವನ್ನು ಮುದ್ದೆಯೊಂದೇ ತಡೆಯುವುದಿಲ್ಲ.

ಹಾಗಾಗಿ ಆಪರೇಷನ್ ಆದ ಮೇಲೆ ಮೂಳೆ ಸವೆತದ ಔಷಧಿ ಬಗ್ಗೆ ನೀವೇ ಕೇಳಿ. ವಾರಕ್ಕೊಂದು ಮಾತ್ರೆಯೂ ಇದೆ, ವರ್ಷಕ್ಕೊಂದು ಡ್ರಿಪ್ ಕೂಡ ಇದೆ. ಕಿಡ್ನಿ, ವಿಟಮಿನ್ ಡಿ ನೋಡಿ ಕೊಡುತ್ತಾರೆ. ಅಜ್ಜಿ ಬೋರ್‌ವೆಲ್ ನೀರು ಕುಡಿದೇ ಬೆಳೆದವರಾದರೆ ಅದನ್ನೂ ಡಾಕ್ಟರಿಗೆ ಹೇಳಿ. ನಮ್ಮ ಕೋಲಾರ ಜಿಲ್ಲೆಯ ಎಷ್ಟೋ ಕಡೆ ನೀರಲ್ಲಿ ಫ್ಲೋರೈಡ್ ಜಾಸ್ತಿ. ಅದರಿಂದ ಸ್ಕ್ಯಾನ್‌ನಲ್ಲಿ ಮೂಳೆ ದಟ್ಟವಾಗಿ ಕಂಡರೂ ಒಳಗೆ ಗಟ್ಟಿ ಇಲ್ಲದಿರಬಹುದು.