ಶಾಲು ತಿಂದಿದ್ದು ಆ ಚಿಟ್ಟೆ ಅಲ್ಲ

ಪ್ರಶ್ನೆ: ಅಮ್ಮನ ನೆನಪಿಗೆಂದು ಇಟ್ಟುಕೊಂಡಿದ್ದ ಕ್ಯಾಶ್ಮೀರ್ ಶಾಲನ್ನು ಆರು ತಿಂಗಳ ನಂತರ ತೆಗೆದೆ. ನಾಲ್ಕೈದು ಕಡೆ ತೂತು. ಬೀರುವಿನಿಂದ ಸಣ್ಣ ಚಿಟ್ಟೆಯೊಂದು ಹಾರಿತು, ಹೊಡೆದು ಹಾಕಿದೆ. ಇನ್ನು ಭಯವಿಲ್ಲ ಅಲ್ವಾ?

ಉತ್ತರ: ಇದೆ, ತಾಯಿ. ಶಾಲನ್ನು ಇವತ್ತೇ ಹೊರಗೆ ತೆಗೆಯಿರಿ. ನೀವು ಹೊಡೆದ ಚಿಟ್ಟೆ ಏನನ್ನೂ ತಿನ್ನುವುದಿಲ್ಲ. ತಿನ್ನುವುದು ಅದರ ಮರಿಹುಳು. ಈ ಚಿಟ್ಟೆಯನ್ನೇ ಬಟ್ಟೆನುಸಿ ಅನ್ನುವುದು. ಒಂದು ಹೆಣ್ಣು ನುಸಿ 40-50 ಮೊಟ್ಟೆ ಇಡುತ್ತದೆ, ಅವು ಬರಿಗಣ್ಣಿಗೆ ಕಾಣುವುದೇ ಕಷ್ಟ.

ನನಗಿದು ಗೊತ್ತಾಗಿದ್ದು ಅಕ್ಕ ಹೆಣೆದುಕೊಟ್ಟ ಬೂದು ಸ್ವೆಟರ್ ಹಾಳಾದಾಗ. ಎರಡೇ ಸಲ ಹಾಕಿದ್ದು, ಕೊಳೆಯಾಗಿಲ್ಲವಲ್ಲ ಎಂದು ಒಗೆಯದೆ ಮಡಿಸಿಟ್ಟಿದ್ದೆ. ತೆಗೆದಾಗ ತೂತು ಎಲ್ಲೆಂದರಲ್ಲಿ ಇರಲಿಲ್ಲ. ಕತ್ತಿನ ಪಟ್ಟಿಯಲ್ಲಿ, ಕಂಕುಳಲ್ಲಿ, ಎದೆಯ ಮೇಲೆ ಹಾಲು ಚೆಲ್ಲಿದ್ದ ಜಾಗದಲ್ಲಿ ಮಾತ್ರ. ಬರೀ ಉಣ್ಣೆ ತಿಂದು ಆ ಹುಳು ಚೆನ್ನಾಗಿ ಬೆಳೆಯುವುದಿಲ್ಲ. ಬೆವರು, ಎಣ್ಣೆಜಿಡ್ಡು, ಊಟದ ಕಲೆ ಇದ್ದರೆ ಅದಕ್ಕೆ ಹಬ್ಬ. ಮಡಿಕೆ ಬಿಚ್ಚಿ ಬೆಳಕಿಗೆ ಹಿಡಿದಾಗ ಅಕ್ಕಿಕಾಳಿನಷ್ಟು ಉದ್ದದ ಬೂದು ಕೊಳವೆಯೊಂದು ಅಂಟಿಕೊಂಡಿತ್ತು. ನೂಲಿನ ಗಂಟು ಅಂದುಕೊಂಡೆ. ಅದು ನಿಧಾನಕ್ಕೆ ಜರುಗಿತು! ಒಂದು ಜಾತಿಯ ಹುಳು ತಿಂದ ಉಣ್ಣೆಯ ಎಳೆಯಿಂದಲೇ ಗೂಡು ಕಟ್ಟಿಕೊಂಡು, ಅದನ್ನು ಹೊತ್ತೇ ತಿರುಗುತ್ತದೆ. ಗೂಡಿಗೂ ಬಟ್ಟೆಯದೇ ಬಣ್ಣ. ಹಾಗಾಗಿ ಸುಮ್ನೆ ಮೇಲೆ ಮೇಲೆ ನೋಡಿದರೆ ಸಾಲದು.

ಈಗ ಮಾಡಬೇಕಾದ್ದು ಇಷ್ಟು. ಶಾಲನ್ನು ಹೊರಗೆ ಒಯ್ದು, ಮೆತ್ತನೆಯ ಬ್ರಷ್‌ನಿಂದ ಅಂಚು, ಮಡಿಕೆ ಎಲ್ಲ ಉಜ್ಜಿ. ಮೊಟ್ಟೆ ಉದುರುತ್ತವೆ, ಆದರೆ ಎಲ್ಲವೂ ಉದುರುವುದಿಲ್ಲ. ಬಿಸಿನೀರು ಅವನ್ನು ಕೊಲ್ಲುತ್ತದೆ, ಜೊತೆಗೆ ನಿಮ್ಮ ಶಾಲನ್ನೂ ಕುಗ್ಗಿಸುತ್ತದೆ. ಕ್ಯಾಶ್ಮೀರ್‌ಗೆ ನಾನು ನಂಬುವುದು ಫ್ರೀಜರ್ ಅನ್ನು. ಒಣಗಿದ ಶಾಲನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿ ಒತ್ತಿ ತೆಗೆದು, ಬಾಯಿ ಬಿಗಿದು, ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಬಿಡಿ. ಹೊರಗೆ ತೆಗೆದ ತಕ್ಷಣ ಚೀಲ ಬಿಚ್ಚಬೇಡಿ, ನೀರಿನ ಪಸೆ ಬಟ್ಟೆಗೆ ಕೂರುತ್ತದೆ. ತಣುಪೆಲ್ಲ ಇಳಿಯುವವರೆಗೆ ಕಾಯಿರಿ. ಆಮೇಲೆ ತಣ್ಣೀರಿನಲ್ಲಿ, ಉಣ್ಣೆಗೆಂದೇ ಇರುವ ಸೋಪಿನ ದ್ರವದಲ್ಲಿ ಅದ್ದಿ ಒಗೆದು, ಹಿಂಡದೆ, ಟವೆಲ್ ಮೇಲೆ ಹರಡಿ ಒಣಗಿಸಿ.

ಅಷ್ಟರಲ್ಲಿ ಬೀರು ಖಾಲಿ ಮಾಡಿ. ಮೂಲೆ, ಹಲಗೆಯ ಸಂದಿ, ಡ್ರಾಯರ್‌ನ ಹಿಂಬದಿ ಎಲ್ಲ ವ್ಯಾಕ್ಯೂಮ್ ಹಾಕಿ, ಆ ಕಸವನ್ನು ಆಗಲೇ ಮನೆಯಿಂದಾಚೆ ಚೆಲ್ಲಿ. ಇದನ್ನು ಬಿಟ್ಟರೆ ಶಾಲಿಗೆ ಪಟ್ಟ ಪಾಡೆಲ್ಲ ದಂಡ. ಉಳಿದ ತೂತುಗಳನ್ನು ಅದೇ ಬಣ್ಣದ ತೆಳು ನೂಲಿನಿಂದ ರಫೂ ಮಾಡಿಸಬಹುದು. ಅಮ್ಮನ ಶಾಲು, ದಯವಿಟ್ಟು ಬಿಸಾಡಬೇಡಿ.

ಪ್ರಶ್ನೆ: ಮಗಳು ಬಾಣಂತಿ. ಮಗುವಿನ ಉಣ್ಣೆ ಟೋಪಿ, ಹೊದಿಕೆಗಳ ಜೊತೆ ನುಸಿಗುಳಿಗೆ ಇಡಬಹುದೇ?

ಉತ್ತರ: ಬೇಡ. ಖಂಡಿತ ಬೇಡ. ಬಿಳಿ ಗುಳಿಗೆಗಳಲ್ಲಿ ಹೆಚ್ಚಿನವು ನಾಫ್ತಲೀನ್. ಅದರ ವಾಸನೆ ಬರುತ್ತಿದೆ ಎಂದರೆ ಅದರ ಆವಿ ಮೂಗಿಗೆ ಹೋಗುತ್ತಿದೆ ಎಂದೇ ಅರ್ಥ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುತ್ತದೆ. ಅಂಥ ಮಗುವಿಗೆ ನಾಫ್ತಲೀನ್ ತಾಗಿದರೆ ರಕ್ತದ ಕೆಂಪುಕಣಗಳು ಒಡೆದು, ಕಾಮಾಲೆ ಜೋರಾಗಿ ಏರಬಹುದು. ಕೊರತೆ ಇರುವುದು ಎಷ್ಟೋ ಸಲ ಮೊದಲೇ ಗೊತ್ತಿರುವುದಿಲ್ಲ. ಈಗಾಗಲೇ ಗುಳಿಗೆಯ ಜೊತೆ ಇಟ್ಟಿದ್ದ ಹೊದಿಕೆಯನ್ನು ಮಗುವಿಗೆ ಹೊದಿಸಲೇಬೇಡಿ, ಬೇರೆಯದು ಬಳಸಿ. ತೆವಳುವ ಮಕ್ಕಳು ಗುಳಿಗೆಯನ್ನು ಮಿಠಾಯಿ ಎಂದು ಬಾಯಿಗೆ ಹಾಕಿಕೊಳ್ಳುತ್ತವೆ. ನುಂಗಿದರೆ ಕಾಯಬೇಡಿ, ತಕ್ಷಣ ವೈದ್ಯರ ಹತ್ತಿರ ಓಡಿ.

ಮಗುವಿನ ಬಟ್ಟೆಗೆ ಒಗೆದು, ಪೂರ್ತಿ ಒಣಗಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡುವುದೇ ಸಾಕು. ಹೊರಗಿನ ನುಸಿ ಒಳಗೆ ಹೋಗಲಾರದು.

ಪ್ರಶ್ನೆ: ದೇವದಾರು ಮರದ ತುಂಡು, ಲ್ಯಾವೆಂಡರ್ ಚೀಲ ಕೆಲಸ ಮಾಡುತ್ತವೆಯೇ?

ಉತ್ತರ: ಪರಿಮಳ ಚೆನ್ನಾಗಿರುತ್ತದೆ. ಆಗಲೇ ಬಟ್ಟೆಯಲ್ಲಿರುವ ಹುಳುವನ್ನು ಅವು ಕೊಲ್ಲುವುದಿಲ್ಲ, ಪರಿಮಳವೂ ಬೇಗ ಆರುತ್ತದೆ. ಅವನ್ನೇ ನೆಚ್ಚಿಕೊಳ್ಳಬೇಡಿ. ಅಂಟು ಬಲೆಗಳೂ ಅಷ್ಟೇ. ಹೆಣ್ಣು ನುಸಿಯ ವಾಸನೆ ಹಚ್ಚಿದ ಬಲೆಗೆ ಬೀಳುವುದು ಗಂಡು ನುಸಿ ಮಾತ್ರ. ಮನೆಯಲ್ಲಿ ನುಸಿ ಇದೆಯೇ ಎಂದು ತಿಳಿಯಲು ಅದು ಒಳ್ಳೆಯದು. ಚಿಟ್ಟೆ ಕಾಣದೆ, ಬಟ್ಟೆಯಲ್ಲಿ ಕಂದು ಬಣ್ಣದ ರೋಮ ರೋಮದ ಪೊರೆ ಸಿಕ್ಕಿದರೆ ಅದು ಉಣ್ಣೆ ತಿನ್ನುವ ಇನ್ನೊಂದು ಹುಳು, ಕಾರ್ಪೆಟ್ ಜೀರುಂಡೆಯ ಮರಿ, ಕಳಚಿದ್ದು. ಆಗ ಬೀರು ಬಿಟ್ಟು ಜಮಖಾನೆಯ ಅಡಿ, ಸೋಫಾದ ಕೆಳಗೆ, ಗೋಡೆಯಂಚಿನಲ್ಲಿ ಕೂದಲು-ಧೂಳು ಸೇರಿರುವ ಕಡೆ ಮೊದಲು ಗುಡಿಸಿ.